ಮುಚ್ಚಳಿಕೆ ಬರೆಸದ ಶನಿವಾರ

ಜುಲೈ ತಿಂಗಳ ಎರಡನೆಯ ಶನಿವಾರ, ಬೆಳಿಗ್ಗೆ ಒಂಬತ್ತೂವರೆ. ಪುತ್ತೂರಿನ ನಮ್ಮ ಹಾಸ್ಟೆಲಿನ ಆಫೀಸಿನಲ್ಲಿ ಇದ್ದವರು ನಾಲ್ವರು: ಆಡಳಿತ ಮಂಡಳಿಯ ಅಧ್ಯಕ್ಷರು, ಡಿಗ್ರಿ ಕೊನೆಯ ವರ್ಷದ ಒಬ್ಬ ವಿದ್ಯಾರ್ಥಿ, ಫೋನು ಹೋದ ಕೂಡಲೇ ಆಲಂಕಾರಿನಿಂದ ಹೊರಟು ಬಂದ ಅವನ ತಂದೆ, ವಾರ್ಡನ್ ಆದ ನಾನು. ಮೂವತ್ತು ವರ್ಷ ಶಾಲೆಯಲ್ಲಿ ಪಿ.ಟಿ. ಮಾಸ್ತರನಾಗಿದ್ದು ನಿವೃತ್ತನಾದ ಮೇಲೆ ಹಿಡಿದ ಕೆಲಸ ಇದು.

ಮೇಜಿನ ಮೇಲೆ ಒಂದು ಸಾಬೂನಿನ ಡಬ್ಬಿ ಇತ್ತು. ಬೆಳಗಿನ ಆರು ಗಂಟೆಯ ಕೋಣೆ ತಪಾಸಣೆಯಲ್ಲಿ ಅದರೊಳಗೆ ಗಾಂಜಾದ ಪೊಟ್ಟಣ ಸಿಕ್ಕಿತ್ತು. ತನ್ನದೇ ಎಂದು ವಿದ್ಯಾರ್ಥಿ ಒಪ್ಪಿಕೊಂಡಿದ್ದ. ಸೋಮವಾರ ಅವನಿಗೆ ಪರೀಕ್ಷೆ ಶುರು.

ಅಧ್ಯಕ್ಷರು ಬಿಳಿ ಹಾಳೆಯೊಂದನ್ನು ನನ್ನ ಕಡೆಗೆ ದೂಡಿದರು.

"ಒಂದು ಮುಚ್ಚಳಿಕೆ ಬರೆಸಿ ಮನೆಗೆ ಕಳಿಸುವ. ಪೊಲೀಸು ಗಿಲೀಸು ಎಂತಕೆ ಮಾರಾಯ್ರೆ? ಹೆಸರು ಹಾಳಾದ್ರೆ ಇಲ್ಲಿಗೆ ಮಕ್ಕಳನ್ನು ಯಾರು ಕಳಿಸುದು?"

ಇನ್ನು ಮೇಲೆ ತಪ್ಪು ಮಾಡುವುದಿಲ್ಲ ಎಂಬ ಅಂಥದೊಂದು ಮುಚ್ಚಳಿಕೆ ನನ್ನ ಫೈಲಿನಲ್ಲಿ ಈಗಲೂ ಉಂಟು. ಮೂರು ವರ್ಷದ ಹಿಂದೆ ನಾನೇ ಬರೆಸಿದ್ದು. ಬರೆದವನು ನಾಲ್ಕೇ ತಿಂಗಳಲ್ಲಿ ಸುಳ್ಯದಲ್ಲಿ ಮಾರಲು ಹೋಗಿ ಸಿಕ್ಕಿಬಿದ್ದ. ಒಂದು ಹಾಳೆಯಲ್ಲಿ ಎಲ್ಲ ಮುಗಿಯುತ್ತದೆಂದು ಅವನಿಗೆ ಕಲಿಸಿದವನು ನಾನು. ಅವನಿಗೆ ಜೈಲಾದ ಸುದ್ದಿ ಬಂದ ಮೇಲೆ ಒಂದು ವರ್ಷ ನಮ್ಮ ಕೋಣೆಗಳಲ್ಲಿ ಬೀಡಿಯ ತುಂಡೂ ಸಿಗಲಿಲ್ಲ. ಹೆದರಿಸಿ ಯಾರನ್ನೂ ತಿದ್ದಲಾಗದು ಎನ್ನುವವರು ಎಷ್ಟಾದರೂ ಭಾಷಣ ಮಾಡಲಿ, ನಾನು ಕಣ್ಣಾರೆ ಕಂಡದ್ದು ಇದು.

ಪೊಲೀಸರಿಗೆ ತಿಳಿಸಿಯೇ ಸಿದ್ಧ ಎಂದೆ. ತಂದೆ ಕುರ್ಚಿಯಿಂದ ಎದ್ದರು.

"ಮಾಸ್ಟ್ರೆ, ಕೇಸಾದ್ರೆ ನಾನು ಊರಲ್ಲಿ ಮುಖ ತೋರಿಸುದು ಹೇಗೆ?"

"ಆ ಹೆದರಿಕೆ ನಿಮಗೆ ಮಾತ್ರ ಉಂಟು. ಅವನಿಗೂ ಬರಲಿ."

ಹಾಗಾದರೆ ಈಗಲೇ ಹಾಸ್ಟೆಲು ಬಿಡಿಸಿ ಎಂದರು ಅಧ್ಯಕ್ಷರು. ಅಲ್ಲಿಯವರೆಗೆ ತಲೆ ತಗ್ಗಿಸಿ ನಿಂತಿದ್ದವನು ಆಗ ನನ್ನನ್ನು ನೋಡಿದ. ಪರೀಕ್ಷೆಗೆ ಒಂದು ದಿನ ಇರುವಾಗ ಅವನನ್ನು ಬೀದಿಗೆ ಹಾಕಲು ನಾನು ತಯಾರಿರಲಿಲ್ಲ. ಕಾನೂನಿನ ಶಿಕ್ಷೆ ಬೇರೆ, ನಮ್ಮ ಹೆಸರು ಉಳಿಸಿಕೊಳ್ಳುವ ಆತುರ ಬೇರೆ. ಬೀಗದ ಕೈಗಳ ಗೊಂಚಲನ್ನು ಅಧ್ಯಕ್ಷರ ಮುಂದಿಟ್ಟೆ.

"ಅವನನ್ನು ಬಿಡಿಸುದಾದ್ರೆ ಇದನ್ನೂ ತೆಕ್ಕೊಳ್ಳಿ. ಸ್ಟೇಷನಿಗೂ ನಾನೇ ಕರ್ಕೊಂಡು ಹೋಗುದು, ಪರೀಕ್ಷೆಗೂ ನಾನೇ."

ಅವರು ಗೊಂಚಲನ್ನು ಮುಟ್ಟಲಿಲ್ಲ. ಮಂಡಳಿಯ ಸಭೆಯಲ್ಲಿ ನೋಡಿಕೊಳ್ಳುತ್ತೇನೆ ಎಂದು ಕಾರು ಹತ್ತಿದರು. ನೋಡಿಕೊಳ್ಳಲಿ.

ಸ್ಟೇಷನಿನಲ್ಲಿ ಕೇಸು ದಾಖಲಾಯಿತು. ಎಲ್ಲಿಂದ ಸಿಕ್ಕಿತು ಎಂದು ಕೇಳಿದಾಗ ಅವನು ಮುಚ್ಚಿಡದೆ ಹೇಳಿದ. ಪೊಟ್ಟಣ ಸಣ್ಣದಾದ್ದರಿಂದ ಸ್ಟೇಷನಿನಲ್ಲೇ ಜಾಮೀನು ಸಿಕ್ಕಿತು; ಅದರ ಕಾಗದಕ್ಕೆ ತಂದೆ ಪೊಲೀಸರೆದುರು ನಿಂತು ಸಹಿ ಹಾಕಿದರು. ಅದನ್ನು ಮಗ ನೋಡಿದ. ನೋಡಬೇಕಾದದ್ದೇ.

ಸಂಜೆ ಏಳಕ್ಕೆ ಊಟದ ಕೋಣೆಯಲ್ಲಿ ಅವನ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ಕೂರಿ ಎಂದು ನಾನು ಯಾರಿಗೂ ಹೇಳಲಿಲ್ಲ. ಅದೂ ಶಿಕ್ಷೆಯೇ, ಅದನ್ನು ಅವನು ಉಣ್ಣಬೇಕು. ಆದರೆ ಅವನ ಓದಿಗೆ ತೊಂದರೆ ಕೊಟ್ಟವರು ಮರುದಿನವೇ ಗಂಟುಮೂಟೆ ಕಟ್ಟಬೇಕೆಂದು ಎಲ್ಲರೆದುರೇ ಹೇಳಿದೆ.

ಎಂಟಕ್ಕೆ ಹಾಜರಿ ಕರೆದೆ. ಹತ್ತೊಂಬತ್ತನೆಯ ಹೆಸರು ಅವನದು. "ಬಂದಿದ್ದೇನೆ ಸರ್" ಎಂದ. ಗುರುತು ಹಾಕಿ ಮುಂದಿನ ಹೆಸರು ಕರೆದೆ. ನಲವತ್ತೆರಡು ಮಂದಿ, ಗೈರು ಯಾರೂ ಇಲ್ಲ ಎಂದು ಬರೆದು ಪುಸ್ತಕ ಮುಚ್ಚಿದೆ.