ಹೇಳದ ಬಂದ ಮನಿ

ಹೆಸರಕಾಳು ಬಿತ್ತೂ ಹೊತ್ತಿನ್ಯಾಗ ನನ್ನ ಮೊಮ್ಮಗಳು ಸ್ಪೇನ್ ದೇಶಕ್ಕ ಹೋದ್ಲು, ಅಲ್ಲಿ ಭಾಷಾ ಕಲಿಯಾಕ. ನಮಗ ಮಳಿಗಾಲ, ಅವರಿಗೆ ಸುಡು ಬ್ಯಾಸಿಗಿ. ಲಕ್ಷ್ಮೇಶ್ವರದಿಂದ ಗದಗಕ್ಕ ಬಸ್ಸಿನ್ಯಾಗ ಹೋದ್ರ ವಾಂತಿ ಮಾಡಕೊಳ್ಳೂ ಹುಡುಗಿ.

"ಹೊಂಟಿ ಅಂದ್ರ ಪೂರ್ತಿ ಕಲತ ಬಾ," ಅಂದೆ. "ಮನಿ ನೆನಪಾತು ಅಂತ ದಿನಾ ಫೋನ್ ಹಚ್ಚಿ ಅಳಬ್ಯಾಡ. ಅಳಾಕ ಅಷ್ಟು ದೂರ ಯಾಕ, ಇಲ್ಲೇ ಹಿತ್ತಲದಾಗ ಕುಂತು ಅಳು."

ಅಲ್ಲಿ ಒಬ್ಬ ಮುದುಕಿ ಮನ್ಯಾಗ ಇಳಕೊಂಡ್ಲು. ಮುದುಕಿ, ಆಕಿ ಮಗಳು, ಇಬ್ಬರ ಇದ್ದ ಮನಿ. ಶಾಲಿ ಮುಗಿಸಿ ಬಂದು ಇಕಿ ಮುದುಕಿ ಜೋಡಿ ಬಟಾಣಿ ಸುಲಕೋತ ಮಾತು ಕಲಿತಿದ್ಲು. ತಪ್ಪಿದ್ರ ನಾಲಿಗಿ ತಿರಗೂ ತನಕ ಬಿಡತಿದ್ದಿಲ್ಲಂತ ಆಕಿ. ಒಂದ ಸಲ ಫೋನಿನ್ಯಾಗ ನನಗ ಮುಖ ತೋರಿಸಿ ಏನೋ ಅಂದ್ಲು.

"ಏನಂತಾಳಲೇ?"

"ನಾ ತಂದ ಖಡಕ್ ರೊಟ್ಟಿ ಮುರದಂಗ ಮಾತಾಡತೇನಂತ, ಆಯಿ."

"ಖರೆ ಐತಿ ಅಂತ ಹೇಳು. ಅದನ್ನ ತಿಂದ ಬೆಳದಾಕಿ."

ಮುದುಕಿ ಹಲ್ಲಿಲ್ಲದ ಬಾಯಿ ತಗದು ನಕ್ಕಳು. ನಾನೂ ನಕ್ಕೆ.

ಮೊಮ್ಮಗಳು ತಿರುಗಿ ಬರೂ ವಾರದಾಗ ಮುದುಕಿ ತೀರಿಕೊಂಡ್ಲು. ಉಂಡು ಕುರ್ಚಿ ಮ್ಯಾಲೆ ಒರಗಿದಾಕಿ ಏಳಲಿಲ್ಲ. ಉಳದ ಪಾಠ ಕೆಡಬಾರದು, ಬ್ಯಾರೆ ಮನಿ ಕೊಡತೇವಿ ಅಂದ್ರಂತ ಶಾಲಿಯವರು. ಏನ್ ಮಾಡ್ಲಿ ಅಂತ ಇಕಿ ನನ್ನ ಕೇಳಿದ್ಲು.

"ಉಂಡ ಮನಿ ಅದು. ಸತ್ತ ಮನ್ಯಾಗ ಮಗಳೊಬ್ಬಾಕಿನ್ನ ಬಿಟ್ಟು ಹೊಂಟ್ರ ನೀ ಏನ್ ಕಲತಂಗಾತು? ಅಲ್ಲೇ ಇರು. ಆಕಿಗೆ ಒಲಿ ಹಚ್ಚಾಕ ಬಿಡಬ್ಯಾಡ, ನೀನ ಏನರ ತಂದು ಉಣಸು."

ಇದ್ಲು. ಇಲ್ಲಿಂದ ಒಯ್ದು ಉಳದಿದ್ದ ರೊಟ್ಟಿ, ಶೇಂಗಾ ಚಟ್ನಿ ಆಕಿ ಮುಂದಿಟ್ಲಂತ. ಮುದುಕಿ ಕಲಿಸಿದ ಮಾತಿನ್ಯಾಗ ಇಬ್ಬರೂ ಮುದುಕಿ ಸುದ್ದಿ ಮಾತಾಡಿದ್ರಂತ. ಶಾಲಿಗಿಂತ ಆ ದಿನಗಳೊಳಗ ಹೆಚ್ಚಿಗೆ ಕಲತೆ ಅಂತಾಳ.

ನಮ್ಮ ಕಡೆ ಸತ್ತ ಮನಿಗೆ ಹೋದವರು 'ಹೋಗಿ ಬರತೇನಿ' ಅನ್ನೂದಿಲ್ಲ. ಅಂದ್ರ ಸಾವು ಮತ್ತ ಆ ಮನಿಗೆ ಬಂದೀತು ಅಂತ ಅಂಜಿಕಿ. ಸುಮ್ಮನ ಎದ್ದು ಬರತೇವಿ. ಸಣ್ಣಾಕಿದ್ದಾಗಿಂದ ಇಕಿ ನೋಡಿದ್ದು ಅದನ್ನ. ಹೊಂಡೂ ದಿನ ಮುದುಕಿ ಮಗಳು ಬಾಗಲದಾಗ ನಿಂತಿದ್ಲಂತ. ಇಕಿ ಚೀಲ ಹಿಡಕೊಂಡು, ತಲಿ ಬಗ್ಗಿಸಿ, ಮೆಟ್ಟಲ ಇಳದು ಹೋದ್ಲಂತ.

ವಿಮಾನದ ನಿಲ್ದಾಣದಿಂದ ಫೋನ್ ಬಂತು.

"ಆಯಿ, ಆಕಿ ಹಿಂದಿಂದ ಕೂಗಿದ್ಲು. ನಾ ತಿರುಗಿ ನೋಡಲಿಲ್ಲ."

"ಸರಿ ಮಾಡಿದಿ."

"ಅವರಾಗ ಹಂಗಿಲ್ಲ, ಆಯಿ. ಅವರು ಅಪ್ಪಿಕೊಂಡು, ಹೇಳಿ ಹೋಗತಾರ. ನನಗ ಸಿಟ್ಟು ಬಂದೈತಿ ಅಂತ ತಿಳಕೊಂಡಿರತಾಳ. ಹೇಳಾಕ ಮಾತು ಬರತಿತ್ತು ನನಗ. ಇಷ್ಟ ದಿನ ಕಲತದ್ದು ಅದನ್ನ ಅಲ್ಲೇನು?"

"ಹಂಗಾರ ಈಗ ಫೋನ್ ಹಚ್ಚು. ನನ್ನ ಮುಂದ ಅತ್ತು ಏನ್ ಉಪಯೋಗ?"

ಹಚ್ಚಿದ್ಲು. ಮುದುಕಿ ಮಗಳು ಎತ್ತಲಿಲ್ಲ. ಇಲ್ಲಿಗೆ ಬಂದ ಮ್ಯಾಲೂ ಹಚ್ಚಿದ್ಲು. ಮನಿಗೆ ಕೀಲಿ ಹಾಕಿ ಎಲ್ಲೆರ ಹೋಗಿದ್ಲೋ, ಸಿಟ್ಟಿಗೋ, ಗೊತ್ತಿಲ್ಲ.

ಹೆಸರಕಾಯಿ ಬಿಡಸೂ ಹೊತ್ತಾಗಿತ್ತು. ಅಡರಕಟ್ಟಿ ಹಾದ್ಯಾಗಿನ ನಮ್ಮ ಹೊಲದಾಗ ಇಕಿ ನನ್ನ ಜೋಡಿ ಒಂದ ಸಾಲು ಹಿಡದಿದ್ಲು. ಕಾಯಿ ಬಿಡಿಸಿಕೋತ ತನ್ನಷ್ಟಕ್ಕ ಆ ಭಾಷಾದಾಗ ಒಂದ ಮಾತು ಮತ್ತ ಮತ್ತ ಅಂತಿದ್ಲು.

"ಏನದು?"

"ಹೋಗಿ ಬರತೇನಿ ಅಂತ."

"ಇಲ್ಲಿ ಅಂದ್ರ ಆಕಿಗೆ ಕೇಳಸೂದಿಲ್ಲ."

"ಗೊತ್ತೈತಿ, ಆಯಿ."

ಸಾಲು ಇನ್ನೂ ಉದ್ದ ಇತ್ತು. ಬಿಡಸ್ಕೋತ ಹೊಂಟ್ವಿ.