ಗಿಡುಗ ಎರಡು

ನಮ್ಮವರಿಗೆ ತಕ್ಕಡಿ ರಿಪೇರಿ ಕೆಲಸ. ಮುಳ್ಳು ಓರೆಯಾದ ಹಳೇ ತಕ್ಕಡಿಯಿಂದ ಹಿಡಿದು ಅಂಕಿ ಕುಣಿಯುವ ಎಲೆಕ್ಟ್ರಾನಿಕ್ ತೂಕದ ಯಂತ್ರದವರೆಗೆ ಎಲ್ಲವೂ ಅವರ ಮೇಜಿಗೆ ಬರುತ್ತವೆ. ಬೆಳಗಿಂದ ಸಂಜೆಯವರೆಗೆ ಒಂದು ಗ್ರಾಂ ಎಲ್ಲಿ ತಪ್ಪಿತು ಎಂದು ಹುಡುಕುವ ಮನುಷ್ಯ ಮನೆಗೆ ಬಂದಮೇಲೂ ಹುಡುಕುತ್ತಾರೆ. ಮದುವೆಯಾದ ಹೊಸದರಲ್ಲಿ ಅರ್ಧ ಲೋಟ ಕಾಫಿ ಕೇಳಿದರು. ಕೊಟ್ಟೆ. ಅರ್ಧಕ್ಕಿಂತ ಜಾಸ್ತಿ ಇದೆ ಎಂದು ವಾಪಸ್ ತಂದುಕೊಟ್ಟರು. ಇಂಥವರ ಜೊತೆ ಇಪ್ಪತ್ತಾರು ವರ್ಷ ಏಗಿದ್ದೇನೆ. ಯಾರೂ ಇನ್ನೂ ಪದಕ ಕೊಟ್ಟಿಲ್ಲ.

ಅವರಿಗೊಬ್ಬ ತಮ್ಮ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತಾನೆ. "ಉಸಿರು ಹಿಡೀರಿ, ಅಲ್ಲಾಡಬೇಡಿ, ಬಿಡಿ" ಎಂದು ದಿನಕ್ಕೆ ಎಂಬತ್ತು ಸಲ ಹೇಳುತ್ತಾನೆ, ಅದಕ್ಕಿಂತ ಹೆಚ್ಚು ಮಾತಿಲ್ಲ. ಮನೆ ಪಾಲಾದಾಗ ಹಜಾರದ ನಡುವೆ ಗೋಡೆ ಎದ್ದಿತು. ಗಾರೆ ಒಣಗುವ ಮೊದಲೇ ನಮ್ಮವರು ಟೇಪು ಹಿಡಿದು ಅಳೆದು, ಗೋಡೆ ನಮ್ಮ ಕಡೆಗೆ ನಾಲ್ಕು ಬೆರಳು ಸರಿದಿದೆ ಎಂದರು. "ಒಡಹುಟ್ಟಿದವನನ್ನೂ ತಕ್ಕಡಿಗೆ ಹಾಕ್ತೀಯಾ?" ಎಂದ ತಮ್ಮ. ಇವರು ಇನ್ನೇನೋ ಅಂದರು. ಮಾತಿಗೆ ಮಾತು ಬೆಳೆದು, ಕೊನೆಗೆ ಮಾತೇ ನಿಂತುಹೋಯಿತು. ಅದಾಗಿ ಹನ್ನೊಂದು ವರ್ಷ. ಬೀದಿಯಲ್ಲಿ ಎದುರಾದರೆ ಒಬ್ಬರು ತಮ್ಮ ಚಪ್ಪಲಿ ನೋಡಿಕೊಳ್ಳುತ್ತಾರೆ, ಇನ್ನೊಬ್ಬರಿಗೆ ಕರೆಂಟ್ ಕಂಬದಲ್ಲಿ ಏನೋ ಕಾಣಿಸುತ್ತದೆ. ಓರಗಿತ್ತಿ ಮತ್ತು ನಾನು ಮಾತು ಬಿಡಲಿಲ್ಲ. ನಮಗೆ ಕೆಲಸವಿತ್ತು, ತಾರಸಿಯ ಮೇಲೆ ಬಟ್ಟೆ ಒಣಗಿಸುವ ತಂತಿಯೂ ಒಂದೇ ಇತ್ತು.

ಐದು ವರ್ಷದ ಹಿಂದೆ ಗೋಡೆಯಾಚೆ ಹೊಸ ಗಲಾಟೆ ಶುರುವಾಯಿತು. "ಎಡಕ್ಕೆ ತಿರುಗು! ಮೇಲೇರು! ನಿನ್ನ ಹಿಂದೆ ಇದ್ದಾನೆ!" ನಮ್ಮವರು ಎರಡು ದಿನ ಸಹಿಸಿಕೊಂಡು ಮೂರನೇ ದಿನ, "ನಿನ್ನ ಮೈದುನನಿಗೆ ತಲೆಗಿಲೆ ಕೆಟ್ಟಿದೆಯಾ, ವಿಚಾರಿಸು" ಎಂದರು. ಅವನು ನನ್ನ ಮೈದುನನಾದದ್ದು ಆ ಹನ್ನೊಂದು ವರ್ಷದಲ್ಲೇ. ಅದಕ್ಕೆ ಮುಂಚೆ ಅವರ ತಮ್ಮನಾಗಿದ್ದ.

ವಿಚಾರಿಸಿದೆ. ಕಂಪ್ಯೂಟರಿನಲ್ಲಿ ಯುದ್ಧವಿಮಾನ ಹಾರಿಸುವುದಂತೆ. ಏಳು ಊರಿನ ಏಳು ಜನ ಅವರವರ ಮನೆಯಲ್ಲಿ ಕೂತು, ಇಲ್ಲದ ವಿಮಾನ ಹತ್ತಿ, ಇಲ್ಲದ ಶತ್ರುವಿನ ಬೆನ್ನು ಹತ್ತುತ್ತಾರೆ. ಒಬ್ಬರಿಗೊಬ್ಬರು ಮಾತಾಡುವುದಕ್ಕೆ ನಿಜವಾದ ವಾಯುಪಡೆಯ ಹಾಗೆ ರೇಡಿಯೋ ಪದ್ಧತಿ. ವರದಿ ಒಪ್ಪಿಸಿದೆ. "ಕೆಲಸವಿಲ್ಲದವರು" ಎಂದರು ನಮ್ಮವರು. ತಿಂಗಳೊಳಗೆ ನಮ್ಮನೆಗೂ ಒಂದು ಜಾಯ್‌ಸ್ಟಿಕ್ ಬಂತು. ಮಣಿಕಟ್ಟಿಗೆ ವ್ಯಾಯಾಮ ಎಂದು ಹೇಳಿದರು. ನಾನು ನಂಬಿದೆ ಎಂದು ಅವರೂ ನಂಬಿದರು.

ಹೊಸಬರನ್ನು ಆ ಗುಂಪು ನಾಯಕನ ಜೊತೆಗೇ ಹಾರಿಸುತ್ತದೆ. ನಾಯಕ ಗಿಡುಗ ಒಂದು, ಇವರು ಗಿಡುಗ ಎರಡು. ಮೊದಲ ದಿನ ಇವರು ಗುಂಡಿ ಒತ್ತಿ, "ಗಿಡುಗ ಒಂದು, ಇದು ಗಿಡುಗ ಎರಡು, ಸಿದ್ಧ" ಎಂದರು. ಆಮೇಲೆ ಉತ್ತರ ಎರಡು ಸಲ ಬಂತು. ಮೊದಲು ಗೋಡೆಯಿಂದ, ಅರ್ಧ ಸೆಕೆಂಡು ಬಿಟ್ಟು ಸ್ಪೀಕರಿನಿಂದ. "ಗಿಡುಗ ಎರಡು, ನನ್ನ ಬಲಕ್ಕೆ ನಿಲ್ಲು."

"ಎರಡು" ಎಂದರು ನಮ್ಮವರು. ರೇಡಿಯೋದಲ್ಲಿ ಅದರರ್ಥ, ಕೇಳಿಸಿತು, ಹಾಗೇ ಮಾಡುತ್ತೇನೆ ಎಂದು. ಗೋಡೆಗೆ ನಾಲ್ಕು ಬೆರಳು ಬಿಡದ ಮನುಷ್ಯ ತಮ್ಮನ ಬಲಕ್ಕೆ ಹೋಗಿ ನಿಂತರು.

ಊಟಕ್ಕೆ ಕೂತಾಗ ಕೇಳಿದೆ. "ಮಾತು ಬಿಟ್ಟಿದ್ರಲ್ಲ?"

"ಅದು ಮಾತಲ್ಲ. ರೇಡಿಯೋ."

ರೇಡಿಯೋ ಇವರಿಗೆ ಹೇಳಿ ಮಾಡಿಸಿದ ಹಾಗಿತ್ತು. ಅಲ್ಲಿ ಹೆಚ್ಚು ತೂಗುವಂತಿಲ್ಲ, ಕಡಿಮೆ ತೂಗುವಂತಿಲ್ಲ. ಮೊದಲು ಯಾರನ್ನು ಕರೆಯುತ್ತಿದ್ದೀ, ಆಮೇಲೆ ನೀನು ಯಾರು, ಆಮೇಲೆ ವಿಷಯ. ಶತ್ರು ಕಂಡರೆ "ಟ್ಯಾಲಿ", ನಮ್ಮವನು ಕಂಡರೆ "ವಿಷುವಲ್". ಕಾಣಿಸಿತು ಎಂದಷ್ಟೇ ಹೇಳಿದರೆ ಯಾರು ಕಾಣಿಸಿದ್ದು ಎಂದು ತಿಳಿಯದೆ ನಮ್ಮವನಿಗೇ ಗುಂಡು ಬಿದ್ದೀತು. ಒಬ್ಬ ಗುಂಡಿ ಒತ್ತಿಕೊಂಡಿದ್ದಾಗ ಆ ಚಾನೆಲ್‌ನಲ್ಲಿ ಬೇರೆಯವರ ದನಿ ಹೋಗುವುದಿಲ್ಲ, ಒತ್ತಿದವನಿಗೆ ಬೇರೆ ಯಾರ ದನಿಯೂ ಕೇಳುವುದಿಲ್ಲ. ಆದ್ದರಿಂದ ಚುಟುಕಾಗಿ ಹೇಳಿ ಬೆರಳು ತೆಗೆಯಬೇಕು. ಈ ನಿಯಮವನ್ನು ನಮ್ಮ ಮನೆಗೂ ತರಬೇಕು ಎಂದು ಒಮ್ಮೆ ಅಂದರು. ಆವತ್ತು ಸಾರಿಗೆ ಉಪ್ಪು ಹಾಕಿರಲಿಲ್ಲ, ಚುಟುಕಾಗಿಯೂ ಯಾರೂ ಹೇಳಲಿಲ್ಲ.

ಹೀಗೆ ವಾರಕ್ಕೆ ಮೂರು ದಿನ, ಎರಡೆರಡು ಗಂಟೆ, ಐದು ವರ್ಷ. ಲೆಕ್ಕ ಹಾಕಿದರೆ ಮಾತು ಬಿಡದ ಅಣ್ಣತಮ್ಮಂದಿರು ಯಾರೂ ಇಷ್ಟು ಮಾತಾಡಿರುವುದಿಲ್ಲ. ಆದರೆ ಜ್ವರ ಬಂದರೆ ಹೇಗಿದ್ದೀಯ ಎಂದು ಕೇಳುವುದಕ್ಕೆ ರೇಡಿಯೋದಲ್ಲಿ ಪದವಿಲ್ಲ. ಮೈದುನನಿಗೆ ಕಾಮಾಲೆಯಾದಾಗ ನಮ್ಮವರು, "ಗಿಡುಗ ಒಂದು, ಇಂಧನ ಎಷ್ಟಿದೆ?" ಎಂದು ದಿನಕ್ಕೆ ಆರು ಸಲ ಕೇಳಿದರು. ಅವನ ವಿಮಾನ ಇನ್ನೂ ನೆಲ ಬಿಟ್ಟೇ ಇರಲಿಲ್ಲ.

ಕಳೆದ ತಿಂಗಳು ಓರಗಿತ್ತಿ ತಂತಿಯ ಹತ್ತಿರ ನಿಂತು, "ಅಕ್ಕಾ, ಇವರಿಗೆ ವರ್ಗ ಆಗಿದೆ. ಈ ತಿಂಗಳ ಕೊನೆಗೆ ಹೊರಡ್ತೀವಿ. ಭಾವನಿಗೆ ತಾವೇ ಹೇಳ್ತಾರಂತೆ, ನೀವು ಬಾಯಿ ಬಿಡಬೇಡಿ" ಎಂದಳು. ಬಾಯಿ ಬಿಡಲಿಲ್ಲ, ಅದು ನನಗೆ ಎಷ್ಟು ಕಷ್ಟ ಎಂದು ನನ್ನನ್ನು ಬಲ್ಲವರಿಗೆ ಗೊತ್ತು. ಮೂರು ವಾರ ಕಳೆಯಿತು. ಮೈದುನ ಹೇಳಲಿಲ್ಲ. ಹೇಳದೆ ಲಾರಿ ಹತ್ತಿಬಿಟ್ಟರೆ ಇವರು ಸಾಯುವವರೆಗೂ ಬಾಯಿ ತೆರೆಯುವುದಿಲ್ಲ, ಅದು ನನಗೆ ಖಂಡಿತ ಗೊತ್ತಿತ್ತು.

ಆ ಭಾನುವಾರ ಮಧ್ಯಾಹ್ನ ಇನ್ನೊಂದು ಗುಂಪಿನ ಮೇಲೆ ಪಂದ್ಯ. ಗಡಿ ದಾಟುವ ಮುಂಚೆ ಗಿಡುಗ ಒಂದು ಆಜ್ಞೆ ಕೊಟ್ಟ. "ಎಲ್ಲರೂ ಮೌನ. ಇಪ್ಪತ್ತು ನಿಮಿಷ ಯಾರೂ ಗುಂಡಿ ಒತ್ತಬೇಡಿ." ಎಂಟು ವಿಮಾನ ಸದ್ದಿಲ್ಲದೆ ಹೊರಟವು. ಎರಡು ನಿಮಿಷವಾಗಿರಬೇಕು, ಸ್ಪೀಕರಿನಲ್ಲಿ ಓರಗಿತ್ತಿಯ ದನಿ ಬಂತು. "ಈ ಪೆಟ್ಟಿಗೆ ಇಲ್ಲೇ ಇರಲಿ ಬಿಡಿ, ಒಳಗೆ ಜಾಗ ಇಲ್ಲ."

ಮೈದುನ ಮಾತಿನ ಗುಂಡಿಯನ್ನು ಕಾಲಲ್ಲಿ ತುಳಿಯುವ ಹಾಗೆ ಮಾಡಿಕೊಂಡಿದ್ದ. ಸಾಮಾನು ಕಟ್ಟುತ್ತಿದ್ದವಳು ಪಾತ್ರೆ ತುಂಬಿದ ಪೆಟ್ಟಿಗೆಯನ್ನು ಅದರ ಮೇಲೇ ಇಟ್ಟಿದ್ದಾಳೆ. ಯಾರೂ ಉತ್ತರಿಸುತ್ತಿಲ್ಲ ಎಂದು ಅವನಿಗೆ ಅನುಮಾನ ಬರುವಂತಿರಲಿಲ್ಲ, ಮೌನ ಅವನದೇ ಆಜ್ಞೆ. ಚಾನೆಲ್ ಮುಚ್ಚಿಹೋದರೆ ಎರಡನೆಯದಕ್ಕೆ ಹೋಗಬೇಕು ಎಂಬುದು ಗುಂಪಿನ ನಿಯಮ. ಪರದೆಯ ಮೂಲೆಯಲ್ಲಿ ಆರು ಹೆಸರು ಒಂದಾದ ಮೇಲೆ ಒಂದು ಆ ಕಡೆ ಜಿಗಿದವು. ನಮ್ಮವರ ಹೆಸರು ಜಿಗಿಯಲಿಲ್ಲ. ಅವರು ಗೋಡೆಯಾಚೆ ಕೇಳದಂತೆ ಸ್ಪೀಕರಿನ ಸದ್ದು ಆದಷ್ಟು ತಗ್ಗಿಸಿ, ಅದಕ್ಕೆ ಕಿವಿ ಒತ್ತಿ ಕೂತರು. ನಾನೂ ಪಕ್ಕದಿಂದ ಒಂದು ಕಿವಿ ಇಟ್ಟೆ. ನಾಚಿಕೆಯಾಗಲಿಲ್ಲ.

"ಭಾವನಿಗೆ ಹೇಳಿದ್ರಾ?" ಎಂದು ಓರಗಿತ್ತಿ ಕೇಳಿದಳು.

"ಇಲ್ಲ ಕಣೇ."

"ಅಲ್ಲಿಂದಲೂ ಆಡಬಹುದಲ್ಲ. ಅದಕ್ಯಾಕೆ ಮುಖ ಸಪ್ಪಗೆ?"

"ರೇಡಿಯೋ ಎಲ್ಲಿಂದಾದ್ರೂ ಕೇಳುತ್ತೆ. ಬೆಳಿಗ್ಗೆ ಅಣ್ಣ ಗಂಟಲು ಸರಿ ಮಾಡ್ಕೊಳ್ಳೋದು, ಚಪ್ಪಲಿ ಕೊಡವೋದು, ಅದೆಲ್ಲ ಗೋಡೆಯಿಂದ ಕೇಳುತ್ತೆ. ಅದು ಅಲ್ಲಿ ಎಲ್ಲಿ ಸಿಗುತ್ತೆ?"

"ಅದಕ್ಕೇನಾ ಯಾವಾಗ್ಲೂ ಒಂದು ಕಿವಿ ಬಿಟ್ಟು ಹೆಡ್‌ಫೋನ್ ಹಾಕೋದು?"

"ಮೊನ್ನೆ ನಾನೂ ಟೇಪು ಹಿಡಿದೆ" ಎಂದ. "ನಾಲ್ಕು ಬೆರಳು ನಿಜ. ಐದೇ ಇರಬಹುದು. ತಪ್ಪಾಯ್ತು ಅನ್ನೋಕೆ ನಾಲಿಗೆ ಏಳಲ್ಲ."

ನಮ್ಮವರ ಮುಖ ನೋಡಿದೆ. ಇಪ್ಪತ್ತಾರು ವರ್ಷದಲ್ಲಿ ನೋಡಿರದ ಮುಖ. ಗುಂಡಿ ಒತ್ತಿ, ಪಿಸುದನಿಯಲ್ಲಿ "ಗಿಡುಗ ಒಂದು, ಇದು ಗಿಡುಗ ಎರಡು" ಎಂದರು. ದನಿ ಆಚೆ ಹೋಗುವುದಿಲ್ಲ ಎಂದು ಅವರಿಗೇ ಗೊತ್ತಿತ್ತು. ಮತ್ತೆ ಒತ್ತಿದರು.

"ವರ್ಗದ ವಿಷಯ ನಿಂಗೆ ಗೊತ್ತಿತ್ತಾ?" ಎಂದರು ನನಗೆ.

"ಗೊತ್ತಿತ್ತು. ಬೈಯೋದು ಆಮೇಲೆ ಬೈಯಿರಿ. ರೀ, ಈಗ ಹೋಗಿ ಬಾಗಿಲು ತಟ್ಟಿ, ಪೆಟ್ಟಿಗೆ ತೆಗಿ ಅಂತ ಹೇಳಿ."

"ಹೇಳಿದ್ರೆ ನಾನು ಕೇಳಿಸ್ಕೊಂಡೆ ಅಂತ ಗೊತ್ತಾಗುತ್ತೆ. ಆಮೇಲೆ ಅವನು ಮುಖ ತೋರಿಸ್ತಾನಾ?"

ತಪ್ಪು ಮಾಡಿದವನು ಅವನು, ಅವನ ಮಾನ ಉಳಿಸುವ ಚಿಂತೆ ಇವರಿಗೆ. ಎದ್ದು ಹೊರಗೆ ಹೋದರು. ಮನೆ ಪಾಲಾದರೂ ಮೀಟರ್ ಪಾಲಾಗಿರಲಿಲ್ಲ, ಮೆಟ್ಟಿಲ ಕೆಳಗೆ ಎರಡೂ ಮನೆಗೆ ಸೇರಿ ಒಂದೇ ಮೇನ್ ಫ್ಯೂಸ್. ಅದನ್ನು ಕಿತ್ತರು. ಇಲ್ಲಿಯ ಕಂಪ್ಯೂಟರ್, ಅಲ್ಲಿಯ ಕಂಪ್ಯೂಟರ್, ಎರಡೂ ಕಡೆಯ ಫ್ಯಾನು ಒಟ್ಟಿಗೆ ನಿಂತವು. ಎರಡು ವಿಮಾನ ಎಲ್ಲೋ ಹಾರುತ್ತಾ ಹಾರುತ್ತಾ ಇಲ್ಲವಾದವು. ಪಂದ್ಯದಲ್ಲಿ ಗುಂಪು ಕೆಟ್ಟದಾಗಿ ಸೋತಿತು ಎಂದು ಆಮೇಲೆ ತಿಳಿಯಿತು.

ಮೈದುನ ಟೆಸ್ಟರ್ ಹಿಡಿದು ಆ ಕಡೆಯಿಂದ ಬಂದ. ನಾನು ಕಿಟಕಿಯ ಹಿಂದೆ ನಿಂತಿದ್ದೆ, ಓರಗಿತ್ತಿ ಅವಳ ಕಿಟಕಿಯ ಹಿಂದೆ.

"ಫ್ಯೂಸ್ ಹೋಯ್ತು" ಎಂದರು ನಮ್ಮವರು. ಹನ್ನೊಂದು ವರ್ಷದ ಮೇಲೆ ಮೊದಲ ಮಾತು, ಅದೂ ಸುಳ್ಳು.

ಮೈದುನ ಅವರ ಕೈ ನೋಡಿದ. ಬಿಳಿ ಪಿಂಗಾಣಿಯ ಫ್ಯೂಸ್ ಇವರ ಮುಷ್ಟಿಯಲ್ಲೇ ಇತ್ತು, ತಂತಿ ಸುಟ್ಟಿರಲಿಲ್ಲ. ಇಷ್ಟು ನಿಖರ ಮನುಷ್ಯ, ಸುಳ್ಳು ಹೇಳುವುದು ಒಂದು ಕಲಿಯಲಿಲ್ಲ.

"ನಿನ್ನ ಗುಂಡಿ ಒತ್ತಿಕೊಂಡಿತ್ತು" ಎಂದರು ಕೊನೆಗೆ. "ಮೇಲೆ ಪೆಟ್ಟಿಗೆ ಇತ್ತು."

"ಎಷ್ಟು ಹೊತ್ತು?"

"ಹದಿನೇಳು ನಿಮಿಷ."

ಮೈದುನ ಹದಿನೇಳು ನಿಮಿಷದಲ್ಲಿ ಏನೇನು ಅಂದಿದ್ದೆ ಎಂದು ಮನಸ್ಸಿನಲ್ಲೇ ಹಿಂದಕ್ಕೆ ಹೋಗುತ್ತಿದ್ದದ್ದು ಮುಖದಲ್ಲಿ ಕಾಣುತ್ತಿತ್ತು. ಕಿವಿಯವರೆಗೆ ಕೆಂಪಾದ. "ಎಲ್ರೂ ಕೇಳಿಸ್ಕೊಂಡ್ರಾ?"

"ಇಲ್ಲ. ಅವರೆಲ್ಲ ಎರಡನೇ ಚಾನೆಲ್‌ಗೆ ಹೋದ್ರು. ನಾನೊಬ್ಬನೇ ಇದ್ದೆ."

"ಅಣ್ಣಾ, ನೀನ್ಯಾಕೆ ಹೋಗ್ಲಿಲ್ಲ?"

ನಮ್ಮವರು ಫ್ಯೂಸನ್ನು ಈ ಕೈಯಿಂದ ಆ ಕೈಗೆ ಹಾಕಿಕೊಂಡರು.

"ನೀನು ಮಾತಾಡ್ತಿದ್ಯಲ್ಲೋ" ಎಂದರು.

ಇಬ್ಬರೂ ಮೆಟ್ಟಿಲ ಮೇಲೆ ಕೂತರು. ಸುಡು ಮಧ್ಯಾಹ್ನ, ಒಳಗೆ ನಾನೂ ಓರಗಿತ್ತಿಯೂ ಬೆವೆತು ನೀರಾದೆವು. ಕತ್ತಲಾಗುವವರೆಗೆ ಫ್ಯೂಸ್ ಹಾಕಿ ಎಂದು ನಮ್ಮಿಬ್ಬರಲ್ಲಿ ಒಬ್ಬರೂ ಕೂಗಲಿಲ್ಲ.