ಚೌರಪ್ಪನವರ ಮನೆ ಹೊತ್ತು

ಯಾವ ಊರು ಎಷ್ಟು ದೂರ ಎಂದು ಕೇಳಿದರೆ ಚೌರಪ್ಪನವರು ಕಿಲೋಮೀಟರಿನಲ್ಲಿ ಹೇಳಿದ್ದನ್ನು ನಾನು ಕೇಳಿಲ್ಲ. ಅಶೋಕಪುರಂನಿಂದ ಬನ್ನಿಮಂಟಪ ಅವರಿಗೆ ಇಪ್ಪತ್ತೆಂಟು ನಿಮಿಷ. ದಸರಾದ ಪಂಜಿನ ಕವಾಯತಿನ ದಿನವಾದರೆ, "ಬಸ್ ಕಾಯ್ಬೇಡ, ನಡ್ಕೊಂಡೋಗ್ಬುಡು." ಮೂವತ್ತು ವರ್ಷ ಬಸ್ ಡಿಪೋದ ಗೇಟಿನಲ್ಲಿ ಕೂತು ಯಾವ ಬಸ್ಸು ಎಷ್ಟೊತ್ತಿಗೆ ಹೊರಟಿತು, ಎಷ್ಟೊತ್ತಿಗೆ ಬಂತು ಎಂದು ಬರೆದುಕೊಂಡವರು. ಭಾನುವಾರ ಚರ್ಚಿನಲ್ಲಿ ಫಾದರ್ ಮಾಡುವ ಪ್ರಸಂಗವನ್ನೂ ನಿಮಿಷದಲ್ಲೇ ಅಳೆಯುತ್ತಿದ್ದರು. ಆದರೆ ಕೈಗೆ ವಾಚು ಕಟ್ಟುತ್ತಿರಲಿಲ್ಲ.

"ಗೋಡೆ ಗಡಿಯಾರ ಎಲ್ರಿಗೂ ಒಂದೇ ಕಣಮ್ಮ. ಕೈಗೆ ಕಟ್ಕೊಂಡ್ರೆ ಅವರವರ ಟೈಮು ಅವರವರಿಗೆ" ಎನ್ನುತ್ತಿದ್ದರು.

ಅವರು ನಮ್ಮ ಆಫೀಸಿಗೆ ಬಂದದ್ದು ನಿವೃತ್ತಿಯಾದ ಮೇಲೆ. ಸಿದ್ಧಾರ್ಥನಗರದಲ್ಲಿ ಒಂದು ಮನೆಯ ಮಹಡಿಯ ಮೇಲೆ ನಮ್ಮ ಸಣ್ಣ ಸಲಹಾ ಸಂಸ್ಥೆ. ಮೈಸೂರಿನಿಂದ ಮೂರು ಗಂಟೆ ದಾರಿಯಲ್ಲಿ ಅಣು ವಿದ್ಯುತ್ ಸ್ಥಾವರವೊಂದು ಕಟ್ಟಿ ಮುಗಿಯುತ್ತ ಬಂದಿತ್ತು. ಅಲ್ಲಿ ಅನಾಹುತವಾದರೆ ಸುತ್ತಲ ಹಳ್ಳಿಗಳ ಜನರನ್ನು ಎಷ್ಟು ಹೊತ್ತಿನಲ್ಲಿ, ಹೇಗೆ ಹೊರಗೆ ಸಾಗಿಸುತ್ತೀರಿ ಎಂದು ಬರೆದು ಒಪ್ಪಿಸದಿದ್ದರೆ ಪರವಾನಗಿ ಸಿಗುವುದಿಲ್ಲ. ಆ ತುರ್ತು ಯೋಜನೆ ಬರೆಯುವ ಕೆಲಸ ನಮ್ಮದು. ಆರು ಗಂಟೆಯೊಳಗೆ ಕೊನೆಯ ಮನುಷ್ಯನೂ ಹೊರಗಿರಬೇಕು ಎಂಬುದು ಗಡುವು. ಕಂಪ್ಯೂಟರಿನಲ್ಲಿ ಕೋಷ್ಟಕ ಮಾಡುವವಳು ನಾನು. ಬಸ್ಸಿನ ಹೊತ್ತು ಬಲ್ಲವರೊಬ್ಬರು ಬೇಕೆಂದು ನಮ್ಮ ಸಂಸ್ಥೆಯ ಮುಖ್ಯಸ್ಥರಾದ ರಾಜಶೇಖರ್ ಸರ್ ಚೌರಪ್ಪನವರನ್ನು ಕರೆಸಿದ್ದರು.

ಅವರು ಜೀಪು ಬೇಡವೆಂದರು. ಹಳ್ಳಿಹಳ್ಳಿಗೂ ಬಸ್ಸಿನಲ್ಲೇ ಹೋದರು. ಕೈಚೀಲದಲ್ಲಿ ಊಟದ ಡಬ್ಬಿ, ಅದರ ಪಕ್ಕದಲ್ಲಿ ಮನೆಯ ಟೇಬಲ್ ಗಡಿಯಾರ. ಬಸ್ಸು ಹತ್ತಿದೊಡನೆ ಗಡಿಯಾರ ತೊಡೆಯ ಮೇಲೆ. ನಾನೂ ಒಂದು ದಿನ ಜೊತೆಗಿದ್ದೆ. ಕಂಡಕ್ಟರ್ ನಗುತ್ತ, "ಯಜಮಾನ್ರೆ, ಅದಕ್ಕೂ ಟಿಕೆಟ್ ಅರೀಲಾ?" ಎಂದ. ಚೌರಪ್ಪನವರು ನಗಲಿಲ್ಲ. "ಅದು ಡ್ಯೂಟಿ ಮೇಲದೆ ಕಣಪ್ಪ, ನಂಗೆ ಮಾತ್ರ ಕೊಡು" ಎಂದರು.

ಎರಡು ತಿಂಗಳಾದ ಮೇಲೆ ಹಾಳೆಗಳನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಬಿಟ್ಟ ಹೊತ್ತು, ಮುಟ್ಟಿದ ಹೊತ್ತು, ಜನ ಹತ್ತುವ ಹೊತ್ತು, ಎಲ್ಲ ಮುತ್ತಿನಂಥ ಅಕ್ಷರ. ಎಲ್ಲಕ್ಕೂ ಮೊದಲು ನಾವು ಕೇಳದೇ ಇದ್ದ ಒಂದು ಕಾಲಂ ಇತ್ತು. ಮೇಲೆ 'ಮನೆ ಹೊತ್ತು' ಎಂದು ಬರೆದಿದ್ದರು. ಇದೇನೆಂದು ಕೇಳಿದೆ.

"ಸೈರನ್ ಆದ ತಕ್ಷಣ ಡ್ರೈವರ್ ಎಲ್ಲಿಗೋಯ್ತಾನೆ ಹೇಳು?"

"ಡಿಪೋಗೆ."

"ಮನೆಗೋಯ್ತಾನೆ ಕಣಮ್ಮ. ಎಂಡ್ತಿ ಮಕ್ಳನ್ನ ಒಂದು ಕಡೆ ಸೇರಿಸ್ಬುಟ್ಟು ಆಮೇಲೆ ಬತ್ತಾನೆ. ಬರೋನು ಒಳ್ಳೇನು. ಆ ಹೊತ್ತು ಬರೀದಿದ್ರೆ ಮಿಕ್ಕಿದ್ದೆಲ್ಲ ಸುಳ್ಳು."

ಆಮೇಲೆ, ಯಾರದೋ ವಿಷಯ ಹೇಳುವವರಂತೆ, ಹಳೆಯದೊಂದನ್ನು ಹೇಳಿದರು. ಒಮ್ಮೆ ಅಣೆಕಟ್ಟೆ ಒಡೆದಿದೆಯೆಂದು ಸುಳ್ಳು ಸುದ್ದಿ ಹಬ್ಬಿತಂತೆ. ಅವರು ಗೇಟು ಬಿಟ್ಟು, ಸೈಕಲ್ ಹತ್ತಿ ಮನೆಗೆ ಹೋಗಿ, ಹೆಂಡತಿಯನ್ನೂ ಮಗಳು ಲೂರ್ದ್ ಮೇರಿಯನ್ನೂ ಗುಡ್ಡದ ಮೇಲಿನ ಸಂಬಂಧಿಕರ ಮನೆಗೆ ಮುಟ್ಟಿಸಿ ವಾಪಸ್ ಬಂದರಂತೆ. "ನಲವತ್ತು ನಿಮಿಷ. ನನ್ನ ಸರ್ವೀಸಲ್ಲಿ ಬರೀದೇ ಇರೋದು ಅದೊಂದೇ. ಯಾರೂ ಕೇಳ್ಲಿಲ್ಲ. ನಾನೂ ಏಳ್ಲಿಲ್ಲ."

ಆ ಲೂರ್ದ್ ಮೇರಿ ಈಗ ಸ್ಥಾವರಕ್ಕೆ ಹತ್ತಿರದ ಹಳ್ಳಿಯೊಂದರಲ್ಲಿ, ನಡೆಯಲಾರದ ಮಕ್ಕಳ ಆಶ್ರಮದಲ್ಲಿ ಅಡುಗೆಯವಳು. ನಮ್ಮ ಪಟ್ಟಿಯಲ್ಲಿ ಆ ಆಶ್ರಮ ಕೊನೆಯದು. ಮನೆ ಹೊತ್ತು ಸೇರಿಸಿದರೆ ಅಲ್ಲಿಗೆ ಬಸ್ಸು ಮುಟ್ಟುವಷ್ಟರಲ್ಲಿ ಆರು ಗಂಟೆ ದಾಟುತ್ತಿತ್ತು. ಪರಿಹಾರವನ್ನೂ ಚೌರಪ್ಪನವರೇ ಹಾಳೆಯ ಕೆಳಗೆ ಬರೆದಿದ್ದರು: ಎರಡು ಬಸ್ಸು ಆಶ್ರಮದ ಅಂಗಳದಲ್ಲೇ ನಿಲ್ಲಲಿ, ಡ್ರೈವರುಗಳಿಗೆ ಅಲ್ಲೇ ಮನೆ ಕೊಡಲಿ. "ಆಗ ಅವ್ನ ಮನೇನೂ ಅದೇ ಬಸ್ಸಲ್ಲಿ ಬತ್ತದೆ."

ರಾಜಶೇಖರ್ ಸರ್ ಹಾಳೆ ನೋಡಿದರು. "ಚೌರಪ್ಪನೋರೇ, ಡ್ರೈವರ್‌ಗಳು ಓಡೋಗ್ತಾರೆ ಅಂತ ನಾವೇ ಬರ್ಕೊಡೋದಾ? ಲೈಸೆನ್ಸ್ ಕೊಟ್ಟಂಗೇ ಬಿಡಿ" ಎಂದು ನಕ್ಕರು. ಸಂಜೆ ನನ್ನ ಮೇಜಿನ ಹತ್ತಿರ ಬಂದು, "ಆ ಕಾಲಂ ತೆಗೆದುಬಿಡಮ್ಮ" ಎಂದರು. ತೆಗೆದೆ. ಒಂದು ಗುಂಡಿ ಒತ್ತಿದರೆ ಆಯಿತು. ಕೋಷ್ಟಕ ಪುಟದೊಳಗೆ ಸರಿಯಾಗಿ ಕೂತಿತು. ಚೆನ್ನಾಗಿದೆ ಅನ್ನಿಸಿದ್ದು ನಿಜ.

ಸಾರ್ವಜನಿಕ ವಿಚಾರಣೆ ಸ್ಥಾವರದ ಪಕ್ಕದ ಪಟ್ಟಣದ ಕಲ್ಯಾಣ ಮಂಟಪದಲ್ಲಿ ನಡೆಯಿತು. ವೇದಿಕೆಯ ಮೇಲೆ ಅಧಿಕಾರಿಗಳು, ಒಂದು ತುದಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ನಾನು. ಜನರ ನಡುವಿನಿಂದ ಚೌರಪ್ಪನವರು ಇಸ್ತ್ರಿ ಮಾಡಿದ ಬಿಳಿ ಶರಟಿನಲ್ಲಿ ಎದ್ದು ನಿಂತರು. "ಸ್ವಾಮಿ, ಇದ್ರಲ್ಲಿ ಮನೆ ಹೊತ್ತು ಎಲ್ಲಿ?" ಎಂದರು. ಅದೇನೆಂದು ವಿವರಿಸಿದರು. ಆಶ್ರಮದ ಮಕ್ಕಳ ವಿಷಯ ಹೇಳಿದರು. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಅಧ್ಯಕ್ಷತೆ ವಹಿಸಿದ್ದ ಅಧಿಕಾರಿ, ಇದು ಲಿಖಿತವಾಗಿ ಇದೆಯೇ ಎಂದು ಕೇಳಿದರು.

"ಬರ್ದೋನು ನಾನು. ಕಂಪ್ಯೂಟ್ರಿಗೆ ಆಕಿದ್ದು ಆಯಮ್ಮ. ಕೇಳಿ, ಏಳ್ತಾರೆ" ಎಂದು ನನ್ನತ್ತ ಕೈ ತೋರಿಸಿದರು. ಅವರ ಮುಖದಲ್ಲಿ ಒಂದಿಷ್ಟೂ ಅನುಮಾನವಿರಲಿಲ್ಲ.

"ಅಂಥ ಕಾಲಂ ಇರಲಿಲ್ಲ ಸರ್" ಎಂದೆ.

ಹೆದರಿ ಹೇಳಿದೆ ಎನ್ನೋಣವೆಂದರೆ ಹೆದರಿಕೆಯೂ ಆಗಿರಲಿಲ್ಲ. ಬಾಯಲ್ಲಿ ಮಾತು ಸಿದ್ಧವಾಗಿತ್ತು, ಬಂತು. ಚೌರಪ್ಪನವರು "ಆಯ್ತು ಬುಡಿ" ಎಂದು ಕೂತರು. ಅಧಿಕಾರಿ ಮುಂದಿನವರ ಹೆಸರು ಕರೆದರು. ಮಧ್ಯಾಹ್ನ ಊಟಕ್ಕೆ ಪಲಾವ್, ಮೊಸರುಬಜ್ಜಿ ಇತ್ತು. ನಾನು ಊಟ ಮಾಡಿದೆ.

ವಾರದ ನಂತರ ಅವರು ನಾವು ಕೊಟ್ಟಿದ್ದ ಹಳ್ಳಿಗಳ ನಕ್ಷೆಗಳನ್ನು ಹಿಂದಿರುಗಿಸಲು ಆಫೀಸಿಗೆ ಬಂದರು. ನಾನೇ ಕೆಳಗಿನ ಅಂಗಡಿಗೆ ಕರೆದುಕೊಂಡು ಹೋಗಿ ಟೀ ಕುಡಿಸಿದೆ. ಕ್ಷಮೆ ಕೇಳಬೇಕೆಂದು ಹೋದವಳು ಸಕ್ಕರೆ ಸಾಕೇ ಎಂದು ಕೇಳಿದೆ. ಲೋಟ ಬರಿದಾದ ಮೇಲೆ ಅವರೇ ಹೇಳಿದರು.

"ಬೇಜಾರು ಮಾಡ್ಕೋಬೇಡ ಕಣಮ್ಮ. ಅವತ್ತು ನೀನು ಮನೆಗೋದೆ, ಅಷ್ಟೇಯ. ನಾನು ಓಗಿರ್ಲಿಲ್ವ?" ಕೈಚೀಲ ಹೆಗಲಿಗೇರಿಸಿಕೊಂಡರು. "ಓಗೋದು ತಪ್ಪಲ್ಲ. ವಾಪಸ್ ಬರ್ಬೇಕು."

ಅದೇ ಕೊನೆಯ ಭೇಟಿ. ಮರುವರ್ಷ ಅವರು ತೀರಿಕೊಂಡರು. ಚರ್ಚಿಗೂ, ಅಲ್ಲಿಂದ ಸ್ಮಶಾನಕ್ಕೂ ಹೋದೆ. ಅಳು ಬರಲಿಲ್ಲ. ಚರ್ಚಿನ ಗೇಟಿನಿಂದ ಗುಂಡಿಯವರೆಗೆ ಹದಿನಾಲ್ಕು ನಿಮಿಷ ಎಂದು ಮೊಬೈಲಿನಲ್ಲಿ ನೋಡಿಕೊಂಡೆ, ಯಾಕೆಂದು ಗೊತ್ತಿಲ್ಲ. ಲೂರ್ದ್ ಮೇರಿ ನನ್ನ ಕೈ ಹಿಡಿದು, "ಅಪ್ಪ ನಿಮ್ಮನ್ನ ತುಂಬ ನೆನೆಸ್ಕೋತಿದ್ರು" ಎಂದಳು. ವಿಚಾರಣೆಯ ದಿನದ ವಿಷಯ ಅವರು ಅವಳಿಗೆ ಏನೂ ಹೇಳಿರಲಿಲ್ಲವೆಂದು ಆಗ ತಿಳಿಯಿತು.

ಮೊನ್ನೆ ಪರವಾನಗಿಗೆ ಮುಂಚಿನ ಅಣಕು ಕಾರ್ಯಾಚರಣೆ ನಡೆಯಿತು. ಆಶ್ರಮದ ಗೇಟಿನಲ್ಲಿ ನಿಂತು ಬಸ್ಸು ಬಂದ ಹೊತ್ತು ಬರೆದುಕೊಳ್ಳುವ ಕೆಲಸ ನನ್ನದು. ತಾರೀಖು, ಗಂಟೆ ಎಲ್ಲರಿಗೂ ಮೊದಲೇ ಗೊತ್ತಿತ್ತು; ಬಸ್ಸನ್ನೂ ಊರ ಹೊರಗೇ ತಂದು ನಿಲ್ಲಿಸಿಕೊಂಡಿದ್ದರು. ವೇಳಾಪಟ್ಟಿ ಮಾಡಿದವಳೇ ನಾನು. ಸೈರನ್ ಕೂಗಿತು. ನನ್ನ ಕೈ ಮೊಬೈಲಿಗೆ ಹೋಯಿತು. ಅಶೋಕಪುರಂನಲ್ಲಿರುವ ನನ್ನ ಮಗಳ ಶಾಲೆಗೆ ಫೋನ್ ಮಾಡಿ, ಅವಳು ಕ್ಲಾಸಿನಲ್ಲಿದ್ದಾಳಾ ನೋಡಿ ಹೇಳಿ ಎಂದು ಆಯಾಗೆ ದುಂಬಾಲು ಬಿದ್ದೆ. ಇದ್ದಾಳೆ ಎಂದ ಮೇಲೆಯೇ ತಲೆ ಎತ್ತಿದ್ದು. ಅಷ್ಟರಲ್ಲಿ ಬಸ್ಸು ಬಂದು ನಿಂತಿತ್ತು, ಲೂರ್ದ್ ಮೇರಿ ಒಂದು ಮಗುವನ್ನು ಎತ್ತಿ ಹತ್ತಿಸುತ್ತಿದ್ದಳು. ಬಸ್ಸು ಎಷ್ಟೊತ್ತಿಗೆ ಬಂತೋ ನಾನು ನೋಡಿರಲಿಲ್ಲ.

ಫೋನಿನಲ್ಲಿ ನೋಡಿದೆ. ಮಾತಾಡಿದ್ದು ನಾಲ್ಕು ನಿಮಿಷ. ಕೈಯಲ್ಲಿದ್ದ ಅಚ್ಚಿನ ಹಾಳೆಯಲ್ಲಿ ಅದನ್ನು ಬರೆಯಲು ಅಂಥ ಕಾಲಂ ಇರಲಿಲ್ಲ. ಪೆನ್ನಿನಿಂದ ಒಂದು ಗೆರೆ ಎಳೆದು, ಮೇಲೆ 'ಮನೆ ಹೊತ್ತು' ಎಂದು ಬರೆದು, ಕೆಳಗೆ ನಾಲ್ಕು ನಿಮಿಷ ಎಂದು ತುಂಬಿದೆ. ಹಾಳೆಯ ಹಿಂದೆ, ಇದು ಚೌರಪ್ಪನವರ ಕಾಲಂ, ಮೊದಲು ಇತ್ತು, ತೆಗೆದವಳು ನಾನು ಎಂದು ಬರೆದು ಸಹಿ ಹಾಕಿ, ರಾಜಶೇಖರ್ ಸರ್‌ಗೆ ಕೊಡದೆ ನೇರ ಅಂದು ವಿಚಾರಣೆ ನಡೆಸಿದ್ದ ಅಧಿಕಾರಿಯ ಕೈಗೆ ಕೊಟ್ಟೆ. ಅವರು ಓದಿ ಕನ್ನಡಕ ತೆಗೆದರು, ಹಾಳೆಯನ್ನು ಫೈಲಿನೊಳಗೆ ಇಟ್ಟುಕೊಂಡರು. ಆಶ್ರಮದ ಅಂಗಳಕ್ಕೆ ಎರಡು ಬಸ್ಸು ಬರುತ್ತವೋ ಇಲ್ಲವೋ ಇನ್ನೂ ಗೊತ್ತಾಗಿಲ್ಲ.

ಚೌರಪ್ಪನವರು ನಲವತ್ತು ನಿಮಿಷಕ್ಕೆ ವಾಪಸ್ ಬಂದಿದ್ದರು. ನನಗೆ ಎರಡು ವರ್ಷ ಹಿಡಿಯಿತು.